ಹಳೇ ಗೇಮಿಂಗ್ ಲ್ಯಾಪ್‌ಟಾಪಿಗೆ ಐ7 ಹಾಕುವುದು: ಬಯೋಸ್ ಮುಟ್ಟುವ ಮೊದಲು ಇಷ್ಟು ನೋಡಿ

ಪ್ರಶ್ನೆ: ಸರ್ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು, ಡಿಗ್ರಿ ಓದುತ್ತಿದ್ದೇನೆ. ಅಣ್ಣ 2012ರ ಕೊನೆಯಲ್ಲಿ ಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಈಗ ನನ್ನ ಕೈಗೆ ಬಂದಿದೆ. ಐ5-3210ಎಂ ಪ್ರೊಸೆಸರ್, ಜಿಟಿಎಕ್ಸ್ 660ಎಂ ಗ್ರಾಫಿಕ್ಸ್, 8 ಜಿಬಿ ರ‍್ಯಾಮ್. ಇದಕ್ಕೆ ಐ7-3940ಎಕ್ಸ್‌ಎಂ ಹಾಕಿ, ನೆಟ್‌ನಲ್ಲಿ ಸಿಕ್ಕಿರುವ ಮಾಡಿಫೈಡ್ ಬಯೋಸ್ ಫ್ಲ್ಯಾಶ್ ಮಾಡಿ, 4.3 ಗಿಗಾಹರ್ಟ್ಸ್‌ನಲ್ಲಿ ಓಡಿಸಬೇಕು ಅಂತ ಆಸೆ. ಅಂಗಡಿಯಲ್ಲಿ ಕೇಳಿದರೆ ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಾಯಿಸಲು ಬರುವುದೇ ಇಲ್ಲ ಅಂದರು. ಹೌದಾ? ತಮ್ಮನ ಹತ್ತಿರ ಐ7-10750ಎಚ್ ಇರುವ ಲ್ಯಾಪ್‌ಟಾಪ್ ಇದೆ. ಅದಕ್ಕೂ ಹೀಗೆ ಮಾಡಬಹುದಾ?

ಉತ್ತರ: ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಿಸಲು ಬರುತ್ತದೆ, ಬಹುಮಟ್ಟಿಗೆ ಖಚಿತ. ಅಂಗಡಿಯವರು ಹೇಳಿದ್ದು ಈಗಿನ ಲ್ಯಾಪ್‌ಟಾಪುಗಳಿಗೆ ಸರಿ, 2012ರದ್ದಕ್ಕೆ ಅಲ್ಲ. 4.3ರ ಆಸೆ ಬಿಡಿ, ಅದು ನಿಮ್ಮ ಮಷಿನ್‌ನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು, ಇದನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಮಾಡಬೇಕೆಂದಿರುವ ಕೆಲಸದ ದೊಡ್ಡ ಪಾಲಿಗೆ ಮಾಡಿಫೈಡ್ ಬಯೋಸ್ ಬೇಕೇ ಇಲ್ಲ. ಬಯೋಸ್ ಅಂದರೆ ಮಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನ ಚಿಪ್‌ನಲ್ಲಿರುವ ಪ್ರೋಗ್ರಾಂ; ಫ್ಲ್ಯಾಶ್ ಅಂದರೆ ಅದನ್ನು ಆ ಚಿಪ್‌ಗೆ ಬರೆಯುವುದು. ಎಷ್ಟೋ ಹುಡುಗರು ಎಲ್ಲಕ್ಕಿಂತ ಮೊದಲು ಬಯೋಸ್ ಫ್ಲ್ಯಾಶ್ ಮಾಡಲು ಹೋಗಿ ಬೋರ್ಡನ್ನೇ ಸಾಯಿಸುತ್ತಾರೆ. ಅದು ಕೊನೆಗೆ ಮಾಡುವ ಕೆಲಸ, ಅದೂ ಬೇಕಾದರೆ ಮಾತ್ರ.

ಮೊದಲು ಸಾಕೆಟ್ ನೋಡಿ. ಐ5-3210ಎಂ ಎರಡು ರೂಪದಲ್ಲಿ ಬಂದಿದೆ. ಒಂದು, ಕೆಳಗೆ 988 ಪಿನ್ ಇರುವ, ಸಾಕೆಟ್‌ನಲ್ಲಿ ಕೂರುವಂಥದ್ದು. ಇನ್ನೊಂದು, ಬೋರ್ಡಿಗೇ ಬೆಸುಗೆ ಹಾಕಿದ್ದು. ಹೆಸರು ಎರಡಕ್ಕೂ ಒಂದೇ. ಸಿಪಿಯು-ಝಡ್ ಹಾಕಿ ಪ್ಯಾಕೇಜ್ ಅನ್ನುವ ಸಾಲು ನೋಡಿ, 988ಬಿ ಅಂತ ಇದ್ದರೆ ಸಾಕೆಟ್ ಇದೆ ಅಂತ ಅರ್ಥ. ಆದರೆ ಸಾಫ್ಟ್‌ವೇರ್ ಕೆಲವೊಮ್ಮೆ ತಪ್ಪು ತೋರಿಸುತ್ತದೆ, ಅದನ್ನು ನಂಬಿ ಪ್ರೊಸೆಸರ್‌ಗೆ ದುಡ್ಡು ಹಾಕಬೇಡಿ. ಪ್ರೊಸೆಸರ್‌ನ ಶಾಖ ಎಳೆಯುವ ಲೋಹದ ಭಾಗ ಹೀಟ್‌ಸಿಂಕ್, ಎರಡರ ನಡುವೆ ಶಾಖ ದಾಟಿಸಲು ಹಚ್ಚಿದ್ದು ಪೇಸ್ಟ್. ಹೇಗೂ ಹಳೇ ಪೇಸ್ಟ್ ಬದಲಿಸಬೇಕು ಅಲ್ವಾ, ಆಗ ಹೀಟ್‌ಸಿಂಕ್ ಎತ್ತಿ ಕಣ್ಣಾರೆ ನೋಡಿ. ಪ್ರೊಸೆಸರ್ ಪಕ್ಕದಲ್ಲಿ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅರ್ಧ ಸುತ್ತು ತಿರುಗಿಸುವ ಸ್ಕ್ರೂ ಇರುತ್ತದೆ, ಅದರ ಹತ್ತಿರ ಬೀಗ ಹಾಕಿದ, ಬೀಗ ತೆಗೆದ ಚಿತ್ರ ಇರುತ್ತದೆ. ಅದು ಕಂಡರೆ ಕೆಲಸ ಮುಂದುವರಿಸಬಹುದು. ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಇನ್ನು ಬಯೋಸ್ ವಿಷಯ. ಪ್ರೊಸೆಸರ್ ಆನ್ ಆದ ಕೂಡಲೇ ಬಯೋಸ್ ಅದಕ್ಕೆ ಮೈಕ್ರೋಕೋಡ್ ಅನ್ನುವ ಸಣ್ಣ ತಿದ್ದುಪಡಿ ಕೊಡುತ್ತದೆ. ಅದು ಯಾವ ಪ್ರೊಸೆಸರ್‌ಗೆ ಅನ್ನುವುದು ಒಂದು ಗುರುತಿನ ಸಂಖ್ಯೆಯ ಮೇಲೆ ನಿಂತಿದೆ. ಹೊಸ ಪ್ರೊಸೆಸರ್‌ನ ಸಂಖ್ಯೆ ಬಯೋಸ್‌ನಲ್ಲಿ ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುವುದಿಲ್ಲ. ಇದಕ್ಕೆ ಹೆದರಿಯೇ ಜನ ಮಾಡಿಫೈಡ್ ಬಯೋಸ್ ಹುಡುಕುವುದು. ನಿಮ್ಮ ವಿಷಯದಲ್ಲಿ ಆ ಹೆದರಿಕೆ ಬೇಡ. ಐ5-3210ಎಂ ಇರಲಿ, ನಾಲ್ಕು ಕೋರಿನ ಐ7-3630ಕ್ಯೂಎಂ, 3740ಕ್ಯೂಎಂ, 3840ಕ್ಯೂಎಂ ಇರಲಿ, 3940ಎಕ್ಸ್‌ಎಂ ಇರಲಿ, ಇವೆಲ್ಲ 2012ರ ಐವಿ ಬ್ರಿಡ್ಜ್ ಕುಟುಂಬ, ಎಲ್ಲದರ ಗುರುತು ಒಂದೇ: 306ಎ9. ಅಂದರೆ ಬೇಕಾದ ಮೈಕ್ರೋಕೋಡ್ ನಿಮ್ಮ ಬಯೋಸ್‌ನಲ್ಲಿ ಮೊದಲಿನಿಂದಲೂ ಇದೆ. ಕಂಪನಿ ಕೊಟ್ಟಿರುವ ಕೊನೆಯ ಅಧಿಕೃತ ಬಯೋಸ್ ಹಾಕಿಕೊಂಡರೆ ಸಾಕು. ನಿಮ್ಮದೇ ಮಾಡೆಲ್ ಆಗ ಐ7ನೊಂದಿಗೂ ಮಾರಾಟ ಆಗಿತ್ತಾ ಅಂತ ಹುಡುಕಿ. ಆಗಿದ್ದರೆ, ಬೋರ್ಡಿನ ನಂಬರ್ ಕೂಡ ಅದೇ ಆಗಿದ್ದರೆ, ಅರ್ಧ ಚಿಂತೆ ಕಳೆಯಿತು.

ಯಾವ ಪ್ರೊಸೆಸರ್ ತರಬೇಕು? ನನ್ನ ಆಯ್ಕೆ ಐ7-3740ಕ್ಯೂಎಂ. 2.7 ಗಿಗಾಹರ್ಟ್ಸ್, ಟರ್ಬೋದಲ್ಲಿ (ಭಾರ ಬಿದ್ದಾಗ ತಾನೇ ಏರಿಸಿಕೊಳ್ಳುವ ವೇಗ) 3.7ರವರೆಗೆ, 45 ವ್ಯಾಟ್, ನಾಲ್ಕು ಕೋರ್, ಎಂಟು ಥ್ರೆಡ್. ನಿಮ್ಮ 3210ಎಂಗೆ ಎರಡೇ ಕೋರ್, ಟರ್ಬೋ 3.1. ನಿಮ್ಮ ಆಟಗಳಲ್ಲಿ ಕಾಣುವ ಎಳೆದಾಟ ಬಹಳಷ್ಟು ಕೋರ್ ಸಾಲದೆ ಬರುವಂಥದ್ದು, ಅದು ಪ್ರೊಸೆಸರ್ ಬದಲಿಸಿದ ದಿನವೇ ಕಡಿಮೆ ಆಗುತ್ತದೆ, ಓವರ್‌ಕ್ಲಾಕ್ (ಕಂಪನಿ ನಿಗದಿ ಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು) ಮುಟ್ಟುವ ಮೊದಲೇ. 3630ಕ್ಯೂಎಂ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ವೇಗ ಪೂರ್ತಿ ಲಾಕ್. 3720, 3740, 3820, 3840 ಈ ನಾಲ್ಕರಲ್ಲಿ ಇಂಟೆಲ್ ಒಂದು ಸಣ್ಣ ಕಿಂಡಿ ಬಿಟ್ಟಿದೆ. ಟರ್ಬೋ ಗುಣಕವನ್ನು (100 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕನ್ನು ಇದರಿಂದ ಗುಣಿಸಿದರೆ ವೇಗ ಬರುತ್ತದೆ) ನಾಲ್ಕು ಹೆಜ್ಜೆ, ಅಂದರೆ 400 ಮೆಗಾಹರ್ಟ್ಸ್‌ನಷ್ಟು ಏರಿಸಬಹುದು. ಇದಕ್ಕೆ ಥ್ರಾಟಲ್‌ಸ್ಟಾಪ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಅಡ್ಡ ಬರುವುದೇ ಇಲ್ಲ.

3940ಎಕ್ಸ್‌ಎಂ ಪೂರ್ತಿ ಅನ್‌ಲಾಕ್, ನಿಜ. ಹೊಸದಾಗಿ ಬಂದಾಗ ಅದರ ಬೆಲೆ 1,096 ಡಾಲರ್ ಇತ್ತು, ಈಗಲೂ ಆ ಹೆಸರಿಗೇ ಜನ ಜಾಸ್ತಿ ದುಡ್ಡು ಕೇಳುತ್ತಾರೆ. ಅದು 55 ವ್ಯಾಟ್‌ನದು, 17 ಇಂಚಿನ ದಪ್ಪ ಲ್ಯಾಪ್‌ಟಾಪುಗಳ ದೊಡ್ಡ ಹೀಟ್‌ಸಿಂಕ್‌ಗೆ ಅಂತ ಮಾಡಿದ್ದು. ನಾಲ್ಕೂ ಕೋರ್ 4.3ರಲ್ಲಿ ಓಡಿದರೆ ಆ 55 ಎಲ್ಲೋ ಹಿಂದೆ ಉಳಿಯುತ್ತದೆ. ಎರಡು ಕೋರಿನ 35 ವ್ಯಾಟ್ ಪ್ರೊಸೆಸರ್‌ಗೆ ಜೋಡಿಸಿದ್ದ ತಾಮ್ರದ ಪೈಪು, ಅದರ ಪಕ್ಕದ ವೋಲ್ಟೇಜ್ ಭಾಗ, ಎರಡೂ ಅದನ್ನು ಹೊರುವುದಿಲ್ಲ. ನೀವು ದುಬಾರಿ ಪ್ರೊಸೆಸರ್ ತಂದು ಅದನ್ನು ಅಗ್ಗದ ಪ್ರೊಸೆಸರ್‌ನ ವೇಗದಲ್ಲಿ ಓಡಿಸುವ ಹಾಗಾಗುತ್ತದೆ.

ಇವೆಲ್ಲ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಗುವುದು. ಕೊಳ್ಳುವಾಗ ಮೇಲೆ ಕೆತ್ತಿರುವ ಕೋಡ್‌ನ ಫೋಟೋ ಕೇಳಿ. ಎಸ್‌ಆರ್ ಅಂತ ಶುರು ಆಗಬೇಕು. ಕ್ಯೂ ಅಂತ ಶುರುವಾದರೆ ಅದು ಪರೀಕ್ಷೆಗೆ ಮಾಡಿದ ಸ್ಯಾಂಪಲ್, ಎಷ್ಟೇ ಅಗ್ಗವಾದರೂ ಬೇಡ. ಪಿನ್ ಬದಿಯ ಫೋಟೋ ಕೂಡ ಬೇಕು, 988 ಪಿನ್‌ನಲ್ಲಿ ಒಂದು ಬಾಗಿದ್ದರೂ ತಲೆನೋವು.

ಈಗ ಶಾಖದ ಮಾತು, ಇದನ್ನು ಪೂರ್ತಿ ಓದಿ. ಸರಿಸುಮಾರು ಹೇಳುವುದಾದರೆ ಪ್ರೊಸೆಸರ್ ತಿನ್ನುವ ಕರೆಂಟ್ ವೇಗದ ಜೊತೆಗೂ ಏರುತ್ತದೆ, ವೋಲ್ಟೇಜ್‌ನ ವರ್ಗದ ಜೊತೆಗೂ ಏರುತ್ತದೆ. 3740ಕ್ಯೂಎಂ ನಾಲ್ಕೂ ಕೋರ್ ಓಡುವಾಗ 3.5ರಲ್ಲಿ ಇರುತ್ತದೆ ಅಂದುಕೊಳ್ಳಿ. ಅದನ್ನು 3.9 ಮಾಡಿದರೆ ವೇಗ ಶೇ. 11 ಜಾಸ್ತಿ. ಅದಕ್ಕೆ ವೋಲ್ಟೇಜ್ ಶೇ. 5ರಷ್ಟೇ ಏರಿದರೂ ಲೆಕ್ಕ 1.11 ಗುಣಿಸು 1.10, ಅಂದರೆ ಶೇ. 22 ಜಾಸ್ತಿ ಶಾಖ. 45 ವ್ಯಾಟ್ ಇದ್ದದ್ದು 55 ಆಯಿತು. ಶೇ. 11 ವೇಗಕ್ಕೆ ಅದರ ಎರಡರಷ್ಟು ಶಾಖ. ಈ ಪ್ರೊಸೆಸರ್ 105 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ನೀವು ಏರಿಸಿದ್ದೆಲ್ಲ ವ್ಯರ್ಥ.

ನೀವು ನೋಡುವ ವಿಡಿಯೋಗಳಲ್ಲಿ ಹೆಚ್ಚಿನವು 20-22 ಡಿಗ್ರಿಯ ಎಸಿ ಕೋಣೆಯಲ್ಲೋ ತಣ್ಣನೆಯ ದೇಶದಲ್ಲೋ ಮಾಡಿದ್ದು. ಕಾರವಾರದಲ್ಲಿ ಏಪ್ರಿಲ್-ಮೇ ಸೆಕೆಗೆ ಕೋಣೆಯೊಳಗೇ 32-33 ಡಿಗ್ರಿ ಇರುತ್ತದೆ. ಹೊರಗಿನ ಗಾಳಿ ಹತ್ತು ಡಿಗ್ರಿ ಬಿಸಿ ಇದ್ದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿ ಆಗುತ್ತದೆ. ಅವರ ಸೆಟ್ಟಿಂಗ್ ನಿಮಗೆ ಆಗುವುದಿಲ್ಲ. ನಮ್ಮ ಶಿರಸಿಯಲ್ಲಿ ಡಿಸೆಂಬರ್ ರಾತ್ರಿ ಸರಾಗವಾಗಿ ನಿಂತ ಸೆಟ್ಟಿಂಗ್ ಕೂಡ ಘಟ್ಟ ಇಳಿದು ನಿಮ್ಮಲ್ಲಿಗೆ ಬಂದರೆ ಮೇ ತಿಂಗಳಲ್ಲಿ ನಿಲ್ಲಲಿಕ್ಕಿಲ್ಲ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಮಧ್ಯಾಹ್ನದ ಸೆಕೆಯಲ್ಲೇ ಮಾಡಿ.

ಕರಾವಳಿಯ ಇನ್ನೊಂದು ಕಾಟ ಉಪ್ಪುಗಾಳಿ. ತೇವ, ಉಪ್ಪು, ಧೂಳು ಸೇರಿ ಹೀಟ್‌ಸಿಂಕ್‌ನ ಸಣ್ಣ ರೆಕ್ಕೆಗಳ ಮಧ್ಯ ಅಂಟಾಗಿ ಕೂರುತ್ತದೆ, ಊದಿದರೆ ಹೋಗುವುದಿಲ್ಲ. ಫ್ಯಾನ್ ಕಳಚಿ, ಹೀಟ್‌ಸಿಂಕ್ ಹೊರಗೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಬ್ರಷ್‌ನಿಂದ ತೊಳೆಯಬೇಕು. ತಾಮ್ರದ ಮೇಲೆ ಹಸಿರು ಕಿಲುಬು ಕಂಡರೆ ಬೋರ್ಡಿನ ಕನೆಕ್ಟರ್‌ಗಳನ್ನೂ ಒಂದೊಂದಾಗಿ ನೋಡಿ. ಹತ್ತು-ಹನ್ನೆರಡು ಮಳೆಗಾಲ ಕಂಡ ಮಷಿನ್ ಅದು. ಜಡಿಮಳೆಯ ದಿನ ಬಿಚ್ಚಬೇಡಿ, ಒಣ ದಿನ ನೋಡಿಕೊಳ್ಳಿ. ಇಷ್ಟು ಮಾಡಿ ಹೊಸ ಪೇಸ್ಟ್ ಹಾಕಿ, ಈಗಿರುವ ಐ5ನಲ್ಲೇ ಅರ್ಧ ಗಂಟೆ ಭಾರ ಕೊಟ್ಟು ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಉಷ್ಣತೆ ನೋಡಿ ಬರೆದಿಟ್ಟುಕೊಳ್ಳಿ. ಐ5 80 ಡಿಗ್ರಿ ದಾಟುತ್ತಿದ್ದರೆ ಅದೇ ಹೀಟ್‌ಸಿಂಕ್ ಮೇಲೆ 45 ವ್ಯಾಟ್ ಐ7 ಕೂರಿಸುವುದು ಸರಿಯಲ್ಲ. ಆಗ 35 ವ್ಯಾಟ್‌ನ ಐ7-3632ಕ್ಯೂಎಂ ತನ್ನಿ, ಸಾಕೆಟ್‌ನದ್ದೇ ಅಂತ ಖಚಿತ ಮಾಡಿಕೊಂಡು. ಅದೂ ನಾಲ್ಕು ಕೋರ್, 3.2ರವರೆಗೆ ಹೋಗುತ್ತದೆ. ಓವರ್‌ಕ್ಲಾಕ್ ಇಲ್ಲ, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಅಡಾಪ್ಟರ್ ಹಿಂದೆ ಬರೆದದ್ದನ್ನೂ ಓದಿ. 19.5 ವೋಲ್ಟ್, 6.15 ಆಂಪಿಯರ್ ಇದ್ದರೆ 120 ವ್ಯಾಟ್, ನಡೆಯುತ್ತದೆ. 4.62 ಆಂಪಿಯರ್ ಇದ್ದರೆ 90 ವ್ಯಾಟ್, ಐ7 ಮತ್ತು 660ಎಂ ಎರಡೂ ದುಡಿಯುವಾಗ ಅದು ಸಾಲದು.

ಇಷ್ಟಾದ ಮೇಲೆ ಮಾಡಿಫೈಡ್ ಬಯೋಸ್ ಯಾವಾಗ ಬೇಕು? ಮೂರು ಸಂದರ್ಭ ನನಗೆ ತೋಚುತ್ತವೆ. ಥ್ರಾಟಲ್‌ಸ್ಟಾಪ್‌ನಲ್ಲಿ ಟರ್ಬೋ ಏರಿಸಿದರೂ ಬದಲಾಗದಂತೆ ಬಯೋಸ್ ಲಾಕ್ ಮಾಡಿದ್ದರೆ, ವಿದ್ಯುತ್ ಮಿತಿಯನ್ನು ಲಾಕ್ ಮಾಡಿದ್ದರೆ, ಅಥವಾ ಕಂಪನಿ ಒಪ್ಪದ ವೈಫೈ ಕಾರ್ಡ್ ಹಾಕಬೇಕಾದರೆ. ಮೊದಲೆರಡಕ್ಕೆ ಬೇಕಾದ ಆಯ್ಕೆಗಳು ಬಹಳ ಸಲ ನಿಮ್ಮ ಬಯೋಸ್‌ನ ಒಳಗೇ ಇರುತ್ತವೆ, ಮೆನುವಿನಲ್ಲಿ ಕಾಣದ ಹಾಗೆ ಮುಚ್ಚಿಟ್ಟಿರುತ್ತಾರೆ ಅಷ್ಟೇ. ಮಾಡಿಫೈಡ್ ಬಯೋಸ್ ಅನ್ನುವುದು ಹೆಚ್ಚಿನ ಸಲ ಆ ಮುಚ್ಚಳ ತೆಗೆದ ಫೈಲ್.

ಆದರೆ ಇನ್ನೊಬ್ಬರ ಮಷಿನ್‌ನಿಂದ ತೆಗೆದ ಪೂರ್ತಿ ಫೈಲನ್ನು ನಿಮ್ಮ ಚಿಪ್‌ಗೆ ಬರೆಯಬೇಡಿ. ಬೋರ್ಡಿನ ಮೇಲಿನ ಎಂಟು ಕಾಲಿನ ಸಣ್ಣ ಚಿಪ್‌ನಲ್ಲಿ ಬಯೋಸ್ ಒಂದೇ ಇರುವುದಿಲ್ಲ. ಯಾವ ಭಾಗ ಎಲ್ಲಿದೆ ಅಂತ ಹೇಳುವ ಡಿಸ್ಕ್ರಿಪ್ಟರ್, ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ (ಮಷಿನ್‌ನ ಒಳಗೆ ಬೇರೆಯಾಗಿ ಓಡುವ ಇಂಟೆಲ್ ಪ್ರೋಗ್ರಾಂ), ಆಮೇಲೆ ಬಯೋಸ್. ಆ ಬಯೋಸ್ ಭಾಗದಲ್ಲೂ ನಿಮ್ಮ ಮಷಿನ್‌ನ ಸೀರಿಯಲ್ ನಂಬರ್, ವಿಂಡೋಸ್ 8 ಜೊತೆ ಬಂದಿದ್ದರೆ ಅದರ ಕೀ, ಇವೆಲ್ಲ ಇರುತ್ತವೆ. ಬೇರೆಯವರ ಫೈಲ್ ಹಾಕುವುದು ಅಂದರೆ ಪಕ್ಕದ ಮನೆಯವರ ಪಹಣಿ ತಂದು ನಮ್ಮ ತೋಟಕ್ಕೆ ಇಟ್ಟುಕೊಂಡ ಹಾಗೆ. ಮ್ಯಾನೇಜ್‌ಮೆಂಟ್ ಎಂಜಿನ್ ಭಾಗ ಕೆಟ್ಟರಂತೂ ಮಷಿನ್ ಆನ್ ಆದರೂ ಅರ್ಧ ಗಂಟೆಗೆ ತಾನೇ ಆಫ್ ಆಗುವ ಕಾಯಿಲೆ ಶುರುವಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಬಯೋಸ್‌ನಲ್ಲಿ ಕೂತ ಕಳ್ಳ ಪ್ರೋಗ್ರಾಂ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. 2018ರಲ್ಲಿ ಲೋಜ್ಯಾಕ್ಸ್ ಹೆಸರಿನದು ಹೀಗೆ ನಿಜವಾಗಿಯೇ ಪತ್ತೆಯಾಗಿತ್ತು. ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಫೈಲನ್ನು ಮಷಿನ್‌ನ ಬುಡಕ್ಕೇ ಬಿಡುವುದು ಬೇಡ.

ಸರಿಯಾದ ದಾರಿ ಅಂದರೆ ನಿಮ್ಮದೇ ಚಿಪ್‌ನ ಪ್ರತಿ ತೆಗೆದು, ಅದನ್ನೇ ತಿದ್ದಿ, ಅದನ್ನೇ ವಾಪಸ್ ಬರೆಯುವುದು. ಇದಕ್ಕೆ ಸಿಎಚ್341ಎ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಚಿಪ್ ಹಿಡಿಯುವ ಕ್ಲಿಪ್ ಬೇಕು, ಕೆಲವು ನೂರು ರೂಪಾಯಿಯ ಸಾಮಾನು. ಕೊಂಡ ಕೂಡಲೇ ಮಲ್ಟಿಮೀಟರ್ ಹಿಡಿಯಿರಿ. ಕಪ್ಪು ಬಣ್ಣದ ಬೋರ್ಡುಗಳಲ್ಲಿ ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುವ ದೋಷ ಇದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಹೊಸ ಮಾದರಿ ಸಿಕ್ಕರೆ ಅದನ್ನೇ ತನ್ನಿ. ಚಿಪ್ ಮೇಲಿನ ನಂಬರ್ ಓದಿ, 3.3 ವೋಲ್ಟಿನದ್ದೇ ಅಂತ ನೋಡಿಕೊಳ್ಳಿ.

ಲ್ಯಾಪ್‌ಟಾಪಿನ ಅಡಾಪ್ಟರ್, ಬ್ಯಾಟರಿ, ಸಣ್ಣ ನಾಣ್ಯದಂಥ ಸೆಲ್, ಮೂರನ್ನೂ ತೆಗೆಯಿರಿ. ಕ್ಲಿಪ್‌ನ ಕೆಂಪು ತಂತಿ ಚಿಪ್‌ನ ಚುಕ್ಕೆ ಇರುವ ಮೂಲೆಗೆ. ಪ್ರೋಗ್ರಾಮರ್ ಹಾಕುವ ಇನ್ನೊಂದು ಕಂಪ್ಯೂಟರ್ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಆಗಿರಲಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಬರೆಯುವ ಮಾತು ಆಮೇಲೆ, ಮೊದಲು ಬರೀ ಓದಿ. ಒಮ್ಮೆ ಓದಿ ಸೇವ್ ಮಾಡಿ, ಕ್ಲಿಪ್ ತೆಗೆದು ಮತ್ತೆ ಹಾಕಿ ಇನ್ನೊಮ್ಮೆ ಓದಿ, ಎರಡೂ ಫೈಲ್ ಹೋಲಿಸಿ. 8 ಎಂಬಿ ಚಿಪ್ ಆದರೆ ಫೈಲ್ ಗಾತ್ರ ಸರಿಯಾಗಿ 83,88,608 ಬೈಟ್ ಇರಬೇಕು, ಎರಡರಲ್ಲಿ ಒಂದಕ್ಷರವೂ ವ್ಯತ್ಯಾಸ ಇರಬಾರದು. ವ್ಯತ್ಯಾಸ ಇದ್ದರೆ ಕ್ಲಿಪ್ ಸರಿ ಕೂತಿಲ್ಲ, ಅಥವಾ ಕಾಲುಗಳ ಮೇಲೆ ಉಪ್ಪಿನ ಪದರ ಇದೆ, ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಓದಿ. ಕೆಲವು ಬೋರ್ಡುಗಳಲ್ಲಿ ಎರಡು ಚಿಪ್ ಇರುತ್ತವೆ, ಎರಡನ್ನೂ ಓದಬೇಕು. ಆ ಫೈಲ್ ಬಯೋಸ್ ಫೈಲ್ ಬಿಡಿಸಿ ತೋರಿಸುವ ಯುಇಎಫ್‌ಐಟೂಲ್ ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ತೆರೆದು ಭಾಗಗಳು ಕಂಡರೆ ಪ್ರತಿ ಒಳ್ಳೆಯದು ಅಂತ ಅರ್ಥ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ನಿಮಗೇ ಮೇಲ್ ಮಾಡಿಕೊಳ್ಳಿ, ಮನೆಯ ಇನ್ನೊಂದು ಫೋನಿನಲ್ಲೂ ಇಡಿ. ಈ ಫೈಲ್ ಕೈಯಲ್ಲಿದ್ದರೆ ಆಮೇಲೆ ಏನು ತಪ್ಪಾದರೂ ಹತ್ತು ನಿಮಿಷದಲ್ಲಿ ಮೊದಲಿನ ಸ್ಥಿತಿಗೆ ತರಬಹುದು. ಇದಿಲ್ಲದೆ ವಿಂಡೋಸ್ ಒಳಗಿನಿಂದ ಫ್ಲ್ಯಾಶ್ ಮಾಡುವವರೇ ಬೋರ್ಡ್ ಹಿಡಿದುಕೊಂಡು ಹುಬ್ಬಳ್ಳಿಗೋ ಮಡಗಾಂವಿಗೋ ಅಲೆಯುವುದು.

ನಿಮ್ಮ ಕಾಲದ ಬೋರ್ಡಿನಲ್ಲಿ ಬೂಟ್ ಗಾರ್ಡ್ (ಕಂಪನಿಯ ಸಹಿ ಇಲ್ಲದ ಬಯೋಸನ್ನು ತಡೆಯುವ ಕಾವಲು) ಇಲ್ಲ, ಅದು 2013ರ ಹ್ಯಾಸ್‌ವೆಲ್‌ನಿಂದ, ಅಂದರೆ ಇಂಟೆಲ್‌ನ ನಾಲ್ಕನೇ ಪೀಳಿಗೆಯಿಂದ ಬಂದದ್ದು. ಹಾಗಾಗಿ ತಿದ್ದಿದ ಫೈಲ್ ಬೂಟ್ ಆಗುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ.

ಪ್ರೊಸೆಸರ್ ಕೂರಿಸಿದ ಮೇಲೆ ಒಂದು ವಾರ ಹಾಗೇ ಬಳಸಿ. ಆಮೇಲೆ ಥ್ರಾಟಲ್‌ಸ್ಟಾಪ್‌ನಲ್ಲಿ ಟರ್ಬೋ ಒಂದು ಹೆಜ್ಜೆ ಏರಿಸಿ, ಅರ್ಧ ಗಂಟೆ ನಿಜವಾದ ಆಟ ಆಡಿ, ಲಿಮಿಟ್ಸ್ ಪುಟದಲ್ಲಿ ಕೆಂಪು ಬಂತಾ ನೋಡಿ. ಉಷ್ಣತೆ 90ರ ಒಳಗೆ ನಿಂತರೆ ಇನ್ನೊಂದು ಹೆಜ್ಜೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ (WHEA) ಅನ್ನುವ ಹಾರ್ಡ್‌ವೇರ್ ದೋಷದ ಎಚ್ಚರಿಕೆ ಒಂದೇ ಒಂದು ಕಂಡರೂ ಒಂದು ಹೆಜ್ಜೆ ಕೆಳಗೆ ಬನ್ನಿ. ನಿಮ್ಮಲ್ಲಿ ಎರಡು ಹೆಜ್ಜೆಗೆ ನಿಲ್ಲುತ್ತದೆ ಅಂತ ನನ್ನ ಅಂದಾಜು, ಅಂದರೆ ಟರ್ಬೋ 3.9, ನಾಲ್ಕೂ ಕೋರ್‌ಗೆ 3.7. ವೋಲ್ಟೇಜ್ ಇಳಿಸಿ ಶಾಖ ಕಡಿಮೆ ಮಾಡುವ ಉಪಾಯ ನಾಲ್ಕನೇ ಪೀಳಿಗೆಯಿಂದ ಈಚೆಗಿನದಕ್ಕೆ ಮಾತ್ರ, ಅದನ್ನು ಹುಡುಕುತ್ತಾ ಕೂರಬೇಡಿ. ಬೇಸ್ ಕ್ಲಾಕನ್ನು 100ರಿಂದ ಮೇಲೆ ಒಯ್ಯುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅದರ ಜೊತೆ ಹಾರ್ಡ್‌ಡಿಸ್ಕ್‌ನ ಸಾಟಾ ಸಂಪರ್ಕದ ವೇಗವೂ ಏರುತ್ತದೆ, ಫೈಲುಗಳೇ ಕೆಡಬಹುದು.

ಖರ್ಚು ಮಾಡುವ ಮೊದಲು ಇದೂ ಗೊತ್ತಿರಲಿ. ಐವಿ ಬ್ರಿಡ್ಜ್‌ನಲ್ಲಿ ಎವಿಎಕ್ಸ್2 ಅನ್ನುವ, ಆಮೇಲಿನ ಪ್ರೊಸೆಸರ್‌ಗಳಿಗೆ ಬಂದ ಆದೇಶಗಳ ಗುಂಪು ಇಲ್ಲ. ಅದನ್ನು ಕೇಳುವ ಹೊಸ ಆಟ ಎಕ್ಸ್‌ಎಂ ಹಾಕಿದರೂ, ಯಾವ ಬಯೋಸ್ ಹಾಕಿದರೂ ಶುರು ಆಗುವುದಿಲ್ಲ. 660ಎಂ ಕೂಡ ಹೊಸ ಆಟಗಳಿಗೆ ಸೋಲುತ್ತದೆ, ಅದನ್ನು ಐ7 ಗೆಲ್ಲಿಸಲಾರದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದರೆ ಹಳೇ ಆಟಗಳು, ಓದು, ಕೋಡಿಂಗ್, ಸ್ವಲ್ಪ ವಿಡಿಯೋ ಎಡಿಟಿಂಗ್ ಇದಕ್ಕೆಲ್ಲ ನಾಲ್ಕು ಕೋರ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಈ ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿ ದುಡಿಯುತ್ತದೆ. ಎಸ್‌ಎಸ್‌ಡಿ ಇನ್ನೂ ಹಾಕಿಲ್ಲ ಅಂದರೆ ಪ್ರೊಸೆಸರ್‌ಗಿಂತ ಮೊದಲು ಅದನ್ನೇ ಹಾಕಿ. ತೆಗೆದ ಐ5ನ್ನು ಮಾರಬೇಡಿ, ಹೊಸದು ಬೂಟ್ ಆಗದಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕಲು ಅದೇ ಬೇಕು.

ತಮ್ಮನ ಲ್ಯಾಪ್‌ಟಾಪ್ ಬೇರೆ ಕಥೆ. ಐ7-10750ಎಚ್ ಬೋರ್ಡಿಗೇ ಬೆಸುಗೆ ಹಾಕಿದ ಪ್ರೊಸೆಸರ್. ಹ್ಯಾಸ್‌ವೆಲ್ ಆದ ಮೇಲೆ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಸಾಕೆಟ್ ಕೊಡುವುದನ್ನೇ ನಿಲ್ಲಿಸಿತು, ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದ ಕೆಲವೇ ಭಾರಿ ಲ್ಯಾಪ್‌ಟಾಪುಗಳನ್ನು ಬಿಟ್ಟರೆ. ಅದರ ಗುಣಕವೂ ಲಾಕ್. ಬೂಟ್ ಗಾರ್ಡ್ ಜಾರಿಯಲ್ಲಿದ್ದರೆ ತಿದ್ದಿದ ಬಯೋಸ್ ಬರೆದ ಕೂಡಲೇ ಮಷಿನ್ ಆನ್ ಆಗುವುದೇ ನಿಲ್ಲುತ್ತದೆ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತೆಯ ಲೋಪ ಹೊರಬಂದ ಮೇಲೆ ವೋಲ್ಟೇಜ್ ಇಳಿಸುವುದನ್ನೂ ಹಲವು ಕಂಪನಿಗಳು ಮುಚ್ಚಿದವು. ಥ್ರಾಟಲ್‌ಸ್ಟಾಪ್‌ನಲ್ಲಿ ಅದು ತೆರೆದಿದ್ದರೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಬಹುದು. ಮುಚ್ಚಿದ್ದರೆ ಫ್ಯಾನ್ ಸ್ವಚ್ಛ ಮಾಡಿಸಿ, ಪೇಸ್ಟ್ ಬದಲಿಸಿ, ಕೆಳಗೆ ಗಾಳಿ ಆಡುವ ಹಾಗೆ ಎತ್ತರಿಸಿ ಇಡಿ. ಅದರ ಬಯೋಸ್‌ಗೆ ಕೈ ಹಾಕಬೇಡಿ.